ಮೂರನೇ ಪ್ರಶ್ನೆ

ವಕೀಲರಿಗೆ ಪಾಠ ಹೇಳಲು ಬರುವವನಿಗೆ ಎಂಟೆದೆ ಇರಬೇಕು ಎಂದು ಚಿತ್ರದುರ್ಗದ ವಕೀಲರ ಸಂಘದಲ್ಲಿ ಎಲ್ಲರೂ ನಗಾಡಿಕೊಂಡಿದ್ದರು. ಅದು ಸಾವಿರದ ಒಂಬೈನೂರ ಎಪ್ಪತ್ತೇಳರ ಶ್ರಾವಣ. ಶನಿವಾರ, ಭಾನುವಾರ ಎರಡು ದಿನದ ತರಬೇತಿ. ವಿಷಯ ರಕ್ತದ ಕಲೆಗಳ ಪುರಾವೆ. ಹೇಳಿಕೊಡುವವರು ಬೆಂಗಳೂರಿನ ಪ್ರಯೋಗಾಲಯದಲ್ಲಿ ಇದೇ ಕೆಲಸ ಮಾಡಿ ನಿವೃತ್ತರಾದ ಡಾಕ್ಟರ್ ಜಂಬಣ್ಣ. ನೋಟಿಸ್ ಓದಿದ ಮೂಡಲಗಿರಿಯಪ್ಪ, "ಇಪ್ಪತ್ತೈದು ವರ್ಷ ಕೊಲೆ ಕೇಸು ನಡ್ಸಿದೋನಿಗೆ ರಕ್ತ ಅಂದ್ರೆ ಏನು ಅಂತ ಕಲಿಸ್ತಾರಂತಪ್ಪ" ಎಂದು ಕರೀಕೋಟು ಕೊಡವಿ ಮನೆಗೆ ಹೊರಟಿದ್ದ. ಮಧ್ಯಾಹ್ನಕ್ಕೆ ಹೋಳಿಗೆ ಊಟ ಇದೆ ಎಂದು ಯಾರೋ ಹೇಳಿದರು. ಸುಳ್ಳು ಯಾಕೆ ಹೇಳಬೇಕು, ಅವನು ಉಳಿದದ್ದು ಹೋಳಿಗೆಯ ಸಲುವಾಗಿಯೇ.

ಡಾಕ್ಟರ್ ಜಂಬಣ್ಣ ಸಣಕಲು ಆಳು. ಭಾಷಣ ಗೀಷಣ ಮಾಡಲಿಲ್ಲ. ತಗಡಿನ ಪೆಟ್ಟಿಗೆಯಿಂದ ಗಾಜಿನ ಪಟ್ಟಿಗಳನ್ನೂ, ಐಸು ತುಂಬಿದ ಫ್ಲಾಸ್ಕಿನಿಂದ ಎರಡು ಪುಟ್ಟ ಸೀಸೆಗಳನ್ನೂ ತೆಗೆದು ಮೇಜಿನ ಮೇಲಿಟ್ಟು, ಒಬ್ಬೊಬ್ಬರನ್ನೇ ಕರೆದು ಬೆರಳಿಗೆ ಸೂಜಿ ಚುಚ್ಚಿದರು. ನ್ಯಾಯಾಧೀಶರ ಮುಂದೆ ಹುಲಿಯ ಹಾಗೆ ಗರ್ಜಿಸುವ ಹಿರಿಯ ವಕೀಲರೊಬ್ಬರು ಸೂಜಿ ಕಂಡು ಕಣ್ಣು ಮುಚ್ಚಿಕೊಂಡದ್ದನ್ನು ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕರು.

ಗಾಜಿನ ಮೇಲೆ ಎರಡು ಹನಿ ರಕ್ತ. ಒಂದು ಹನಿಗೆ ಈ ಸೀಸೆಯ ಔಷಧ, ಇನ್ನೊಂದಕ್ಕೆ ಆ ಸೀಸೆಯದು. ಕಡ್ಡಿಯಲ್ಲಿ ಕಲಸಿ ಮೆಲ್ಲಗೆ ತೂಗಿದರೆ ಕೆಲವರ ರಕ್ತ ಕೆಟ್ಟ ಹಾಲಿನ ಹಾಗೆ ಒಡೆದು ತರಿತರಿಯಾಗುತ್ತಿತ್ತು. ಕೆಲವರದು ನುಣ್ಣಗೆ ಹಾಗೆಯೇ ಉಳಿಯುತ್ತಿತ್ತು. ಯಾವ ಹನಿ ಒಡೆಯಿತು ಎಂಬುದನ್ನು ನೋಡಿ ಎ ಗುಂಪು, ಬಿ ಗುಂಪು ಎಂದು ಹೇಳುವುದು. ಎರಡೂ ಒಡೆದರೆ ಎಬಿ, ಎರಡೂ ಒಡೆಯದಿದ್ದರೆ ಓ. ಮೂಡಲಗಿರಿಯಪ್ಪನದು ಬಿ ಎಂದಾಯಿತು. ಐವತ್ತೆರಡು ವರ್ಷ ತನ್ನ ಮೈಯೊಳಗೇ ಹರಿದಾಡಿದ್ದರ ಹೆಸರು ಅವನಿಗೆ ಗೊತ್ತಾದದ್ದು ಅವತ್ತೇ.

"ಈಗ ಕೇಳಿ," ಎಂದರು ಜಂಬಣ್ಣ. "ಕಲೆ ಕಂಡರೆ ಮೂರು ಪ್ರಶ್ನೆ ಕೇಳಬೇಕು. ಇದು ರಕ್ತವೇ? ರಕ್ತವಾದರೆ ಮನುಷ್ಯರದೇ? ಮನುಷ್ಯರದಾದರೆ ಯಾವ ಗುಂಪಿನದು? ಪೊಲೀಸರು ಬಹಳ ಸಲ ಎರಡೇ ಕೇಳಿ ಕಳಿಸ್ತಾರೆ. ಕೇಳಿದ್ದಕ್ಕಷ್ಟೇ ನಾವು ಉತ್ತರ ಬರೀತೀವಿ. ಮೂರನೇದನ್ನ ಕೇಳಬೇಕಾದೋರು ನೀವು. ಒಂದು ಸಾಲಿನ ಅರ್ಜಿ ಸಾಕು. ಯಾರೂ ಕೊಡಲ್ಲ."

"ಕೇಳಿದ್ರೆ ಏನು ಸಿಗುತ್ತೆ ಸಾರ್?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

"ಗುಂಪು ಒಂದೇ ಆದ್ರೆ ಅದು ಸತ್ತವನದೇ ಅಂತ ಹೇಳೋಕಾಗಲ್ಲ. ಲಕ್ಷ ಜನಕ್ಕೆ ಅದೇ ಗುಂಪಿರುತ್ತೆ. ಆದ್ರೆ ಗುಂಪು ಬೇರೆ ಆದ್ರೆ ಅದು ಅವನದಲ್ಲ. ಬ್ರಹ್ಮ ಬಂದು ಹೇಳಿದರೂ ಅಲ್ಲ. ಯಾರದು ಅನ್ನೋದು ರಕ್ತಕ್ಕೆ ಹೇಳೋಕೆ ಬರಲ್ಲ. ಯಾರದಲ್ಲ ಅನ್ನೋದನ್ನ ಖಂಡಿತ ಹೇಳುತ್ತೆ. ನಿಮ್ಮ ಕಕ್ಷಿದಾರ ಬಾಯಿ ಬಿಡಬೇಕಾದ್ದೂ ಇಲ್ಲ."

ಬೆರಳಿಗೆ ಒತ್ತಿಕೊಂಡಿದ್ದ ಹತ್ತಿ ಮೂಡಲಗಿರಿಯಪ್ಪನ ಕೈಯಿಂದ ಕೆಳಗೆ ಬಿತ್ತು. ಜುಂಜಯ್ಯನ ನೆನಪಾಯಿತು. ಅವತ್ತು ಅವನು ಹೋಳಿಗೆ ಮುಟ್ಟಲಿಲ್ಲ.

ಜುಂಜಯ್ಯ ಹಿರಿಯೂರಿನ ಹತ್ತಿರದ ಜಾಲಿಹಟ್ಟಿಯ ಕುರಿಗಾಹಿ. ಹಟ್ಟಿಯ ದೇವರ ಪೂಜಾರಿಯೂ ಅವನೇ. ಎಂಟು ವರ್ಷದ ಹಿಂದೆ, ಒಂದು ಆಶ್ವೀಜದ ಬೆಳಗ್ಗೆ, ಅವನ ಕುರಿಗಳು ಚಿಕ್ಕತಿಮ್ಮಪ್ಪನ ತೆಂಗಿನ ತೋಟಕ್ಕೆ ನುಗ್ಗಿ ಎಳೆಯ ಸಸಿಗಳನ್ನು ಮೇಯ್ದವು. ಚಿಕ್ಕತಿಮ್ಮಪ್ಪ ಸೈನ್ಯದ ಪಟಾಲಮ್ಮಿನಲ್ಲಿದ್ದು ಪೆನ್ಶನ್ ಪಡೆದು ಬಂದಿದ್ದವನು, ಮಾತು ಒರಟು. ಮಾತಿಗೆ ಮಾತು ಬೆಳೆದು ಜುಂಜಯ್ಯ, "ನಿನ್ನ ಉಳಿಸಾಕಿಲ್ಲ ನೋಡು" ಎಂದುಬಿಟ್ಟ. ಕೇಳಿದವರು ಇಬ್ಬರಿದ್ದರು. ಅವತ್ತೇ ಸಂಜೆ, ಮಳೆ ಹೊಡೆಯುತ್ತಿದ್ದಾಗ, ಚಿಕ್ಕತಿಮ್ಮಪ್ಪನನ್ನು ಯಾರೋ ತೋಟದ ಬದುವಿನಲ್ಲಿ ಇರಿದು ಹಾಕಿದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮಾರನೇ ದಿನ ಪೊಲೀಸರು ಹಟ್ಟಿಗೆ ಬಂದರು. ಹಟ್ಟಿಯ ಹೊರಗೆ ಕಳ್ಳಿ ಬೇಲಿಯೊಳಗೆ ತುರುಕಿದ್ದ ಜುಂಜಯ್ಯನ ಕರಿಕಂಬಳಿ ಸಿಕ್ಕಿತು. ಅದರ ತುಂಬ ರಕ್ತ.

"ಕುರೀದು ಸಾಮಿ," ಎಂದಿದ್ದ ಜುಂಜಯ್ಯ. "ಸಂಜೆ ತೋಳ ಕಚ್ಚಿದ ಕುರೀನ ಹೊತ್ಕಂಡು ಬಂದೆ. ಅದ್ರ ರಕ್ತ."

ಮೂಡಲಗಿರಿಯಪ್ಪ ನಂಬಿದ. ಆ ಮನುಷ್ಯನ ಮುಖ ನೋಡಿದರೆ ಯಾರೂ ನಂಬುತ್ತಿದ್ದರು. ಕೋರ್ಟಿನಲ್ಲಿ ಎದೆ ತಟ್ಟಿಕೊಂಡು ಕುರಿಯ ರಕ್ತ, ಕುರಿಯ ರಕ್ತ ಎಂದು ವಾದಿಸಿದ. ಆಮೇಲೆ ವರದಿ ಬಂತು. ಎರಡೇ ಸಾಲು: ಕಂಬಳಿಯ ಮೇಲಿರುವುದು ರಕ್ತ, ಮನುಷ್ಯರದು.

ಅವತ್ತಿನ ಸಿಟ್ಟು ಅವನಿಗೆ ಇನ್ನೂ ನೆನಪಿದೆ. ಕೋರ್ಟಿನ ಲಾಕಪ್ಪಿನ ಕಂಬಿ ಹಿಡಿದು, "ಲೇ, ನನಗೇ ಸುಳ್ಳು ಹೇಳ್ತೀಯೇನೋ? ನಾಲ್ಕು ಜನದೆದುರು ನನ್ನ ಮಾನ ತೆಗೆದೆಯಲ್ಲೋ!" ಎಂದು ಬೈದಿದ್ದ. ಜುಂಜಯ್ಯ ನೆಲ ನೋಡಿದ. "ಕುರೀದು ಅಂದೀನಿ. ಅಷ್ಟೇ ಬರ್ಕಳ್ರಿ," ಎಂದ. ಅದಾದ ಮೇಲೆ ಮೂಡಲಗಿರಿಯಪ್ಪ ಆ ವರದಿಯ ಮೇಲೆ ಒಂದು ಪ್ರಶ್ನೆಯನ್ನೂ ಎತ್ತಲಿಲ್ಲ. ಎತ್ತುವ ಮನಸ್ಸೇ ಇರಲಿಲ್ಲ. ಸುಳ್ಳು ಹೇಳಿದವನು ಕೊಲೆಯನ್ನೂ ಮಾಡಿರಬಹುದು ಎಂದು ಒಳಗೊಳಗೇ ಅಂದುಕೊಂಡ. ಜುಂಜಯ್ಯನಿಗೆ ಜೀವಾವಧಿ ಶಿಕ್ಷೆಯಾಯಿತು. ಬೆಂಗಳೂರಿನಲ್ಲಿ ಹಾಕಿದ ಅಪೀಲೂ ಬಿತ್ತು. ಇದಾದ ಮೇಲೂ ಮೂಡಲಗಿರಿಯಪ್ಪ ಹೋಳಿಗೆ ತಿಂದ, ಮಕ್ಕಳ ಮದುವೆ ಮಾಡಿದ, ನಿದ್ದೆಗೂ ತೊಂದರೆಯಾಗಲಿಲ್ಲ. ಮನುಷ್ಯ ಹೀಗೇ.

ಮೊದಲ ದಿನದ ಪಾಠ ಮುಗಿದು ಎಲ್ಲರೂ ಹೋದ ಮೇಲೆ ಅವನು ಜಂಬಣ್ಣನವರ ಹತ್ತಿರ ಹೋಗಿ ನಿಂತ. "ಸಾರ್, ಎಂಟು ವರ್ಷದ ಹಳೇ ಕಲೆ. ಉಣ್ಣೆ ಕಂಬಳಿ. ಈಗ ಗುಂಪು ಹೇಳಬಹುದಾ?"

"ನೀರು ತಾಗದೆ ಒಣಗಿಕೊಂಡೇ ಇದ್ದರೆ ಹೇಳಬಹುದು. ಉಣ್ಣೆ ಕಲೇನ ಚೆನ್ನಾಗಿ ಹಿಡಿದಿಟ್ಕೊಳ್ಳುತ್ತೆ," ಎಂದರು ಅವರು. "ಸತ್ತವನ ಗುಂಪು ಗೊತ್ತಿದೆಯಾ?"

ಅದು ಅವನಿಗೆ ಗೊತ್ತಿರಲಿಲ್ಲ. ಆದರೆ ಮನೆಗೆ ಬಂದು ಅಟ್ಟದ ಮೇಲಿನ ಹಳೆಯ ಕಟ್ಟು ಬಿಚ್ಚಿದಾಗ ಅದು ಅಲ್ಲೇ ಇತ್ತು. ಚಿಕ್ಕತಿಮ್ಮಪ್ಪನ ಪಟಾಲಮ್ಮಿನ ಪುಸ್ತಕದ ನಕಲು. ಹೆಣದ ಗುರುತಿಗೆಂದು ಹಾಜರು ಮಾಡಿದ್ದರು. ಎತ್ತರ, ಎದೆಯ ಸುತ್ತಳತೆ, ಎಡಗೈ ಮೇಲಿನ ಮಚ್ಚೆ. ಅದರ ಕೆಳಗೆ ರಕ್ತದ ಗುಂಪು: ಎಬಿ. ನೂರಕ್ಕೆ ಎಂಟು ಹತ್ತು ಜನಕ್ಕಿದ್ದರೆ ಹೆಚ್ಚು ಎಂದು ಅವತ್ತು ಬೆಳಗ್ಗೆಯಷ್ಟೇ ಕಲಿತಿದ್ದ. ಈ ಹಾಳೆಯನ್ನು ಅವನು ಆ ಕೇಸಿನಲ್ಲಿ ಹತ್ತು ಸಲವಾದರೂ ತಿರುವಿ ಹಾಕಿದ್ದ. ಓದುವುದು ಬೇರೆ, ನೋಡುವುದು ಬೇರೆ ಎಂದು ತನ್ನನ್ನು ತಾನೇ ಶಪಿಸಿಕೊಂಡ.

ಸೋಮವಾರ ಕೋರ್ಟು ಬಾಗಿಲು ತೆಗೆಯುವ ಮೊದಲೇ ಹೋಗಿ ಕಾದು ನಿಂತು, ಕೇಸಿನ ಸಾಮಾನುಗಳ ರಿಜಿಸ್ಟರು ತೆಗೆಸಿದ. ಬೆಲೆಯಿಲ್ಲದ ಸಾಮಾನುಗಳನ್ನು ಅಪೀಲು ಮುಗಿದ ಮೇಲೆ ಸುಟ್ಟುಹಾಕುವುದು ವಾಡಿಕೆ. ಕಂಬಳಿಯೂ ಬೂದಿಯಾಗಿರುತ್ತದೆ ಎಂದೇ ಅವನು ಅಂದುಕೊಂಡಿದ್ದ. ರಿಜಿಸ್ಟರಿನಲ್ಲಿ ಬೇರೆಯೇ ಇತ್ತು: ಕಂಬಳಿ ಒಂದು, ಆರೋಪಿಯ ಹೆಂಡತಿ ಗಂಗಕ್ಕನಿಗೆ ಹಿಂದಿರುಗಿಸಲಾಗಿದೆ. ಅದಕ್ಕೆ ಅರ್ಜಿ ಹಾಕಿದ ವಕೀಲನ ಸಹಿ ಅವನದೇ.

ಆಗ ನೆನಪಾಯಿತು. ಅಪೀಲು ಬಿದ್ದ ವರ್ಷ ಗಂಗಕ್ಕ ಬಂದು ಆಫೀಸಿನ ಮೆಟ್ಟಿಲ ಮೇಲೆ ಕುಳಿತು ಅತ್ತಿದ್ದಳು. "ಅವ್ರಪ್ಪ ಕೊಟ್ಟ ಕಂಬ್ಳಿ ಸಾಮಿ. ಅವ್ರಂತೂ ಬರ್ಲಿಲ್ಲ. ಅದ್ನಾರ ಕೊಡ್ಸಿ." ಗೆಲ್ಲಲಾಗದ ಕೇಸಿಗೆ ಇಷ್ಟಾದರೂ ಮಾಡೋಣವೆಂದು ಅವನು ಒಂದು ಕಾಸೂ ಮುಟ್ಟದೆ ಅರ್ಜಿ ಬರೆದಿದ್ದ. ಆ ಕೇಸಿನಲ್ಲಿ ಅವನು ಗೆದ್ದದ್ದು ಅದೊಂದೇ ಅರ್ಜಿ. ಈಗ ಅದೇ ಅರ್ಜಿ ಕಂಬಳಿಯನ್ನು ಬೆಂಕಿಯಿಂದ ಉಳಿಸಿತ್ತು. ಹಾಗೆ ಮನೆಗೆ ಹೋದ ಕಂಬಳಿಯನ್ನು ಕೋರ್ಟು ಇನ್ನು ಪುರಾವೆ ಎಂದು ಒಪ್ಪದಿರಬಹುದು. ಆದರೆ ರಾಜ್ಯಪಾಲರಿಗೆ ಕ್ಷಮಾದಾನದ ಅರ್ಜಿ ಹಾಕುವವನಿಗೆ ಪ್ರಯೋಗಾಲಯದ ಒಂದು ಹಾಳೆ ಸಾಕು. ಮೂಡಲಗಿರಿಯಪ್ಪ ಎಷ್ಟೋ ವರ್ಷದ ಮೇಲೆ ಓಡಿ ಹೋಗಿ ಹಿರಿಯೂರು ಬಸ್ಸು ಹತ್ತಿದ.

ಬಸ್ಸಿಳಿದು ಎರಡು ಮೈಲಿ ನಡೆದರೆ ಜಾಲಿಹಟ್ಟಿ. ಕಳ್ಳಿ ಬೇಲಿಯ ಸುತ್ತು, ಒಳಗೆ ಇಪ್ಪತ್ತು ಮನೆ. ಬೇಲಿಯ ಹೊರಗೆ ದೂರದಲ್ಲಿ ಒಂಟಿಯಾಗಿ ಒಂದು ಪುಟ್ಟ ಗುಡಿಸಲು. ಹೆರಿಗೆಯ ಹೆಂಗಸರು ಇರುವುದು ಅಲ್ಲಿ. ಹೆತ್ತು, ಸೂತಕ ಕಳೆದು, ಮಿಂದು ಶುದ್ಧವಾಗುವವರೆಗೆ ಹಟ್ಟಿಯೊಳಗೆ ಕಾಲಿಡುವಂತಿಲ್ಲ. ಗಂಡಸರು ಅದರ ಹತ್ತಿರ ಸುಳಿಯುವಂತಿಲ್ಲ. ದೇವರ ಪೆಟ್ಟಿಗೆ ಮುಟ್ಟುವ ಪೂಜಾರಿಯಂತೂ ಅತ್ತ ತಿರುಗಿಯೂ ನೋಡುವಂತಿಲ್ಲ. ಮೂಡಲಗಿರಿಯಪ್ಪ ಇದೇ ಜಿಲ್ಲೆಯ ತಾಳ್ಯದ ಕಡೆಯವನು, ಇಂಥ ಹಟ್ಟಿಗಳನ್ನು ಹುಟ್ಟಿದಾಗಿನಿಂದ ಕಂಡವನು. ಅದನ್ನು ದಾಟಿಕೊಂಡು ಬೇಲಿಯ ಬಾಗಿಲಿಗೆ ಬಂದ.

ಉಣ್ಣೆ ಕತ್ತರಿಸುವ ದಿನಗಳು. ಗಂಗಕ್ಕ ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದಳು. ಹೊಳಲ್ಕೆರೆ ಸೀಮೆಯ ಹಟ್ಟಿಯೊಂದಕ್ಕೆ ಕೊಟ್ಟಿದ್ದ ಮಗಳು ಓಬಕ್ಕನೂ ಕೆಲಸಕ್ಕೆ ನೆರವಾಗಲು ಬಂದು ಪಕ್ಕದಲ್ಲಿ ಕುಳಿತಿದ್ದಳು. ವಕೀಲನನ್ನು ಕಂಡು ಇಬ್ಬರೂ ಎದ್ದರು.

"ಬರ್ರಿ ಸಾಮಿ, ಕುಂತ್ಕಳ್ರಿ. ಮಜ್ಜಿಗೆ ತರ್ತೀನಿ," ಎಂದಳು ಗಂಗಕ್ಕ. "ಅವ್ರಿಗೇನಾರ ಆತಾ?"

"ಏನೂ ಆಗಿಲ್ಲ ಕಣಮ್ಮ. ಒಂದು ವಿಷಯ ಕೇಳಾಕೆ ಬಂದೆ. ಆ ಕಂಬಳಿ ಐತಾ?"

"ಐತೆ ಸಾಮಿ. ಎಲ್ಲಿಗೋಗ್ತದೆ? ಅವ್ರು ಬಂದಾಗ ಹೊದಿಯಾಕೆ ಬೇಕಲ್ಲ ಅಂತ ಇಟ್ಟೀನಿ."

ಅವಳು ಒಳಗೆ ಹೋಗಿ ಕಂಬಳಿ ತಂದು ಅವನ ತೊಡೆಯ ಮೇಲಿಟ್ಟಳು. ಮೂಡಲಗಿರಿಯಪ್ಪನಿಗೆ ಮುಟ್ಟಿದ ಕೂಡಲೇ ತಿಳಿಯಿತು. ಕಂಬಳಿ ಗರಿಗರಿಯಾಗಿತ್ತು. ಹುಣಸೆಬೀಜದ ಗಂಜಿ ಹಾಕಿ ಒಣಗಿಸಿದ ವಾಸನೆ. ಬಿಡಿಸಿ ಬಿಸಿಲಿಗೆ ಹಿಡಿದ. ಪರೀಕ್ಷೆಗೆಂದು ಕತ್ತರಿಸಿ ತೆಗೆದಿದ್ದ ನಾಲ್ಕು ಚೌಕಗಳ ಜಾಗಕ್ಕೆ ಗಂಗಕ್ಕ ಕರೀ ಉಣ್ಣೆಯ ತೇಪೆ ಹಾಕಿದ್ದಳು. ಕಲೆ ಎನ್ನುವುದು ಹುಡುಕಿದರೂ ಇರಲಿಲ್ಲ.

"ತೊಳೆದ್ಯಾ?" ಎಂದ.

"ತೊಳೀದೆ ಹಟ್ಟಿಯೊಳೀಕೆ ಹೆಂಗ್ ತರಾದು ಸಾಮಿ? ಹೊರಗೇ ಮರದ ಮ್ಯಾಲೆ ಹಾಕಿದ್ದೆ. ಆಮ್ಯಾಕೆ ವೇದಾವತಿ ಹೊಳೇಗೆ ಒಯ್ದು ಮೂರು ಕಿತ ತೊಳ್ದೆ. ಬಾಣಂತಿ ಬಟ್ಟೆಗೆ ಹೆಂಗ್ ಮಾಡ್ತೀವೋ ಹಂಗೇ ಬೂದಿ ನೀರಾಗೆ ನೆನೆಸಿ, ಗಂಜಲ ಹಾಕಿ..."

ಎಂಟು ವರ್ಷದ ಹಿಂದಿನ ಕಲೆಯನ್ನು ವೇದಾವತಿ ಎಂದೋ ಒಯ್ದಿತ್ತು. ಕೋರ್ಟಿನ ಬೆಂಕಿಯಿಂದ ಉಳಿದದ್ದು ನೀರಿನ ಪಾಲಾಗಿತ್ತು. ಬಿಡಿಸಿ ತಂದವನು ತಾನು. ಆ ದುಃಖದಲ್ಲಿ ಅವಳ ಮಾತು ಅವನ ಕಿವಿಗೆ ಬಿದ್ದದ್ದು ಸ್ವಲ್ಪ ತಡವಾಗಿ.

"ಬಾಣಂತಿ ಬಟ್ಟೆಗೂ ಇದಕ್ಕೂ ಏನಮ್ಮ ಸಂಬಂಧ?"

ಗಂಗಕ್ಕನ ಕೈ ಉಣ್ಣೆಯಲ್ಲೇ ನಿಂತಿತು. ಮಗಳ ಮುಖ ನೋಡಿದಳು. "ಏನಿಲ್ಲ ಬಿಡ್ರಿ, ನಂಗೆ ಹೇಳಾಕೆ ಬರಾಕಿಲ್ಲ," ಎಂದು ಮಜ್ಜಿಗೆಯ ನೆಪ ತೆಗೆದು ಎದ್ದಳು.

"ಕುಂತ್ಕಳವ್ವ," ಎಂದಳು ಓಬಕ್ಕ. "ನಾನೇ ಹೇಳ್ತೀನಿ. ನಿಂಗೊಬ್ಳಿಗೆ ಬಿಟ್ಟು ಯಾರ್ಗೂ ಹೇಳ್ದೆ ಎಂಟು ವರ್ಸ ಆಣೆ ಕಾಯ್ದೀನಿ. ಸಾಕು."

ಓಬಕ್ಕ ತಲೆ ತಗ್ಗಿಸಿ, ಉಣ್ಣೆಯನ್ನು ಎಳೆಯೆಳೆಯಾಗಿ ಬಿಡಿಸುತ್ತಲೇ ಹೇಳಿದಳು. "ನಾನು ಚೊಚ್ಚಲ ಬಸುರಿ, ಆ ಗುಡ್ಲಾಗಿದ್ದೆ. ಅವ್ವ ತವ್ರಿಗೆ ಹೋಗಿದ್ಲು, ಹೊಸದುರ್ಗದ ಕಡೆ, ಮಾವನ ತಿಥಿಗೆ. ಸೂಲಗಿತ್ತಿ ಮಲ್ಲಕ್ಕ ಹಳ್ಳದ ಆ ಕಡೆ. ಮಳೆ ಬಂದು ಹಳ್ಳ ತುಂಬ್ಕಂತು. ಸಂಜೆ ಅಪ್ಪ ಕುರಿ ಹೊಡ್ಕಂಡು ಬರೋವಾಗ ನಾನು ಕೂಗ್ಕಂಡಿದ್ದು ಕೇಳ್ಸಿತು. ಅವ್ನು ಪೂಜಾರಿ ಸಾಮಿ, ಆ ಗುಡ್ಲಿನ ನೆಳ್ಳು ತುಳೀಬಾರ್ದು. ಅದ್ರಾಗೂ ಹೆತ್ತಪ್ಪ. ಹೊರಗೇ ನಿಂತ್ಕಂಡು ಬಾಳ ಹೊತ್ತು 'ಯಾರಾರ ಬರ್ರೋ' ಅಂತ ಕೂಗ್ದ. ಮಳೆ ಸದ್ದಿಗೆ ಯಾರಿಗೂ ಕೇಳ್ಲಿಲ್ಲ. ಆಮ್ಯಾಕೆ ಒಳೀಕೆ ಬಂದ. ಕಣ್ಣು ಮುಚ್ಕಂಡು ಬಂದ ಸಾಮಿ. ಕೊನೇವರ್ಗೂ ಕಣ್ಣೇ ಬಿಡ್ಲಿಲ್ಲ. ಎಷ್ಟೋ ಕುರೀಗೆ ಮರಿ ಹಾಕ್ಸಿದ ಕೈ, ಕೈಗೇ ಗೊತ್ತಿತ್ತು. ಗುಡ್ಲು ಸೋರ್ತಿತ್ತು. ಕಂಬ್ಳಿ ಹಾಸಿ ನನ್ನೂ ಕೂಸ್ನೂ ಸುತ್ತಿ ಮಲಗ್ಸಿದ. ರಕ್ತ ನಂದು."

"ಮತ್ತೆ ಅದನ್ನ ಹೇಳಬಾರದಾಗಿತ್ತೇನಮ್ಮ? ಅದನ್ನ ಹೇಳಿದ್ದರೆ..."

"ಹೆಂಗ್ ಹೇಳ್ತಾನೆ ಸಾಮಿ? ಹೆತ್ತಪ್ಪ ಮಗಳ ಹೆರಿಗೆ ಮಾಡಿಸ್ದ ಅಂದ್ರೆ ನಮ್ಮ ಹಟ್ಟಿ ಒಪ್ತಿತ್ತಾ? ನನ್ನ ಗಂಡನ ಮನೇರು ಕರ್ಕಂಡು ಹೋಗ್ತಿದ್ರಾ? ಒಬ್ಳೇ ಹೆತ್ತೆ ಅನ್ನು ಅಂತ ಕೂಸಿನ ತಲೆ ಮುಟ್ಟಿಸಿ ಆಣೆ ತಗಂಡ. ಕಂಬ್ಳಿ ಒಳೀಕೆ ತರಂಗಿಲ್ಲ, ಅದ್ಕೆ ಬೇಲ್ಯಾಗೆ ತುರುಕಿದ್ದ. ಬೆಳಿಗ್ಗೆ ಹೊಳೇಗೆ ಒಯ್ಯಾಣ ಅಂತಿದ್ದ. ಅಷ್ಟ್ರಾಗೆ ಪೊಲೀಸ್ರು ಬಂದ್ರು."

ಗಂಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳಿಗೂ ಇದು ಗೊತ್ತಾದದ್ದು ಕಂಬಳಿ ವಾಪಸ್ಸು ಬಂದ ದಿನವೇ. ಹಟ್ಟಿಯೊಳಗೆ ತರುವ ಮೊದಲು ಹೇಗೆ ತೊಳೆಯಬೇಕೆಂದು ಮಗಳು ಹೇಳಲೇಬೇಕಾಯಿತು. ಹೆಣದ ಮೈಲಿಗೆಗೆ ಬೇರೆ ತೊಳೆತ, ಹೆರಿಗೆಯ ಮೈಲಿಗೆಗೆ ಬೇರೆ. ಮೂಡಲಗಿರಿಯಪ್ಪನಿಗೆ ಇನ್ನೊಂದು ನೆನಪಾಯಿತು. ಕೇಸು ಹಿಡಿದ ಮೊದಲ ವಾರದಲ್ಲೇ ಗಂಗಕ್ಕ, ಮಗ್ಳು ಹಸೀ ಬಾಣಂತಿ ಅವಳೆ ಸಾಮಿ, ದಿನಾ ಬರಾಕಾಗಾಕಿಲ್ಲ ಎಂದಿದ್ದಳು. ಅವನು ಹೂಂಗುಟ್ಟಿ ಫೀಸಿನ ಮಾತಿಗೆ ತಿರುಗಿದ್ದ.

"ನಾನು ಈಗ ಹೇಳ್ತೀನಿ ಸಾಮಿ," ಎಂದಳು ಓಬಕ್ಕ. "ಎಲ್ಲಿ ಹೇಳು ಅಂತೀರೋ ಅಲ್ಲಿ ಹೇಳ್ತೀನಿ. ಆಗದ್ದು ಆಗ್ಲಿ."

ಅವಳು ಮಾರನೇ ದಿನವೇ ದುರ್ಗಕ್ಕೆ ಬಂದಳು. ಆಸ್ಪತ್ರೆಯಲ್ಲಿ ಅವಳ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಮೇಲೆ ಎರಡು ಹನಿ ಇಟ್ಟು ನೋಡಿದರು. ಎರಡೂ ಒಡೆಯಲಿಲ್ಲ. ಓ ಗುಂಪು. ಚಿಕ್ಕತಿಮ್ಮಪ್ಪನದು ಎಬಿ. ಅವತ್ತು ಒಂದು ಸಾಲು ಬರೆದು ಕೇಳಿದ್ದರೆ ಬರುತ್ತಿದ್ದ ಉತ್ತರ ಇದು. ಈಗ ಕಂಬಳಿ ಇರಲಿಲ್ಲ, ಅವಳ ಬಾಯಿಮಾತು ಮಾತ್ರ ಇತ್ತು. ಮೂಡಲಗಿರಿಯಪ್ಪ ಅದನ್ನೇ ಅರ್ಜಿಯಾಗಿ ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು, ಮುಂದಿನ ವಾರ ಬಳ್ಳಾರಿ ಜೈಲಿಗೆ ಹೋದ. ಅದರ ಮೇಲೆ ಜುಂಜಯ್ಯನದೊಂದು ಹೆಬ್ಬೆಟ್ಟು ಬೇಕಿತ್ತು.

ಜುಂಜಯ್ಯ ಮುದುಕನಾಗಿದ್ದ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ವಕೀಲನನ್ನು ಕಂಡು ಮಾತ್ರ ಮನೆಗೆ ನೆಂಟರು ಬಂದಂತೆ ಅವನ ಮುಖ ಅರಳಿತು. "ಏನ್ ಸಾಮಿ, ಇಷ್ಟು ದೂರ? ನಂ ಕಡೆ ಮಳೆ ಆತಾ? ಕುರಿ ಮರಿ ಸಂದಾಕವಾ?"

"ಎಲ್ಲಾ ಚೆನ್ನಾಗವೆ ಜುಂಜಯ್ಯ. ಹಟ್ಟಿಗೆ ಹೋಗಿದ್ದೆ. ಓಬಕ್ಕ ನನಗೆ ಎಲ್ಲ ಹೇಳಿದ್ಳು."

ಅರಳಿದ್ದ ಮುಖ ಹಾಗೇ ಬಾಡಿತು. "ಆಣೆ ತಗಂಡಿದ್ನಲ್ಲ," ಎಂದ. "ಇನ್ಯಾರಿಗೆ ಗೊತ್ತೈತೆ?"

"ಅವಳವ್ವಂಗೆ, ನನಗೆ. ಇನ್ನು ಈ ಅರ್ಜಿ ಓದೋರಿಗೆ. ಇದಕ್ಕೆ ಹೆಬ್ಬೆಟ್ಟು ಒತ್ತಪ್ಪ. ನೀನು ಬಿಡುಗಡೆ ಆಗಬಹುದು."

ಜುಂಜಯ್ಯ ಕೈ ನೀಡಿ ಅರ್ಜಿ ಇಸಿದುಕೊಂಡ. ಓದು ಬರದವನು. ಕೊನೆಯಲ್ಲಿದ್ದ ಮಗಳ ಹೆಬ್ಬೆಟ್ಟಿನ ಗುರುತನ್ನು ನೋಡಿದ. ನೋಡಿ ನೋಡಿ, ಸಾವಕಾಶವಾಗಿ ಅದನ್ನು ಅಡ್ಡಕ್ಕೆ ಹರಿದ. ಮತ್ತೆ ಉದ್ದಕ್ಕೆ ಹರಿದ.

"ಅವಳೇ ಒಪ್ಪಿದಾಳೆ ಕಣಯ್ಯ!"

"ಅವ್ಳು ಒಪ್ತಾಳೆ ಸಾಮಿ, ಅವ್ಳು ನನ್ನ ಮಗ್ಳು. ಮಗೀಗೆ ಎಂಟು ವರ್ಸ. ನಾಳೆ ಅದ್ನ ಹೆಣ್ಣು ಕೇಳಾಕೆ ಬಂದೋರು ಏನಂತಾರೆ? ಇದೇ ಅಲ್ವಾ ತಾತ ಹೆರಿಗೆ ಮಾಡ್ಸಿದ ಕೂಸು ಅಂತಾರೆ. ಬ್ಯಾಡ. ನಂದು ನನ್ನ ಜತೆಗೇ ಹೋಗ್ಲಿ." ಚೂರುಗಳನ್ನು ವಕೀಲನ ಕೈಗೆ ಕೊಟ್ಟು ಕೇಳಿದ, "ಕಂಬ್ಳಿ ತೊಳದ್ರಾ?"

"ತೊಳೆದಿದಾರೆ."

"ಹೆರಿಗೆ ಮೈಲಿಗೆಗೆ ತೊಳದಂಗೆ?"

"ಹೂಂ. ಗಂಗಕ್ಕ ಹೊಳೆಗೆ ಒಯ್ದು ಮೂರು ಸಲ ತೊಳೆದಿದಾಳೆ."

"ಹಂಗಾರೆ ಸಾಕು ಬಿಡ್ರಿ," ಎಂದ ಜುಂಜಯ್ಯ. ಅವನ ಹೆಗಲು ಇಳಿಯಿತು. "ಎಂಟು ವರ್ಸದಿಂದ ಅದೊಂದು ಕೊರೀತಿತ್ತು. ದೇವ್ರ ಮುಂದೆ ತಪ್ಪಾತಲ್ಲ ಅಂತ. ಮಗ್ಳು ಉಳದ್ಲು, ಕೂಸು ಉಳೀತು. ಬೇರೆ ದಾರಿನೇ ಇರ್ಲಿಲ್ಲ ಸಾಮಿ. ಹೇಳಿದ್ರೆ ಮಗ್ಳ ಬಾಳು ಹೋಗ್ತಿತ್ತು, ಹೇಳ್ದೆ ಇದ್ರೆ ನಾನು ಹೋಗ್ಬೇಕಿತ್ತು. ಹೋದೆ. ಅದ್ಕೆ ನಂಗೆ ಬ್ಯಾಸ್ರ ಇಲ್ಲ."

ಅವನ ಮುಖ ತಿಳಿಯಾಗಿತ್ತು. ಮೂಡಲಗಿರಿಯಪ್ಪ ಅಲ್ಲಿಗೆ ಎದ್ದು ಬರಬೇಕಿತ್ತು. ಎದ್ದು ಬಂದಿದ್ದರೆ ಆ ಮನುಷ್ಯನಿಗಿದ್ದ ಒಂದೇ ಒಂದು ಸಮಾಧಾನ ಅವನ ಹತ್ತಿರವೇ ಉಳಿಯುತ್ತಿತ್ತು. ಎಷ್ಟೋ ವರ್ಷ ಅವನು ಇದನ್ನು ನೆನೆದು ಕೊರಗಿದ. ಆದರೆ ಅವತ್ತು ಅವನಿಗೆ ತನ್ನ ಎದೆಯ ಭಾರ ಇಳಿಸುವುದೇ ದೊಡ್ಡದಾಗಿ ಕಂಡಿತು. ತಪ್ಪು ಒಪ್ಪಿಕೊಳ್ಳುತ್ತಿದ್ದೇನೆ, ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದೇ ಅಂದುಕೊಂಡ.

"ಬೇರೆ ದಾರಿ ಇತ್ತು ಜುಂಜಯ್ಯ," ಎಂದ. "ನಾನು ಒಂದು ಪ್ರಶ್ನೆ ಕೇಳಬೇಕಿತ್ತು, ಕೇಳಲಿಲ್ಲ. ನನ್ನನ್ನ ಕ್ಷಮಿಸು."

"ನೀವು ಕೇಳಿದ್ರೂ ನಾನೇನು ಹೇಳ್ತಿರ್ಲಿಲ್ಲ ಬಿಡ್ರಿ."

"ನಿನ್ನನ್ನ ಅಲ್ಲ. ನಿನ್ನನ್ನ ಕೇಳಬೇಕಾಗೇ ಇರಲಿಲ್ಲ. ರಕ್ತಾನ ಕೇಳಿದ್ದರೆ ಸಾಕಿತ್ತು." ಸೂಜಿ, ಗಾಜು, ಎರಡು ಹನಿ, ಒಡೆಯುವುದು, ಒಡೆಯದಿರುವುದು, ಎಲ್ಲವನ್ನೂ ಜಂಬಣ್ಣನವರು ತನಗೆ ಹೇಳಿಕೊಟ್ಟ ಹಾಗೆಯೇ ಬಿಡಿಸಿ ಹೇಳಿದ. ಜುಂಜಯ್ಯ ಮಗುವಿನ ಹಾಗೆ ಬಾಯಿ ತೆರೆದು ಕೇಳಿದ.

"ಅಂದ್ರೆ, ಅದು ಚಿಕ್ಕತಿಮ್ಮಪ್ಪಂದಲ್ಲ ಅಂತ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು."

"ಯಾರ್ದು ಅಂತ?"

"ಅದು ರಕ್ತಕ್ಕೆ ಹೇಳೋಕೆ ಬರಲ್ಲ. ಅವನದಲ್ಲ ಅನ್ನೋದಷ್ಟೇ ಬರ್ತಿತ್ತು."

"ಮಗ್ಳ ಹೆಸ್ರು?"

"ಯಾರೂ ಎತ್ತುತ್ತಿರಲಿಲ್ಲ."

ಜುಂಜಯ್ಯ ಕಂಬಿಯನ್ನು ಹಿಡಿದುಕೊಂಡ. "ಹಂಗಾರೆ ಸಾಮಿ," ಎಂದ, "ನಾನು ಬಾಯಿ ಮುಚ್ಕಂಡೇ ಮನೇಗೆ ಹೋಗಬೋದಿತ್ತಾ?"

ಈಗ ಸುಳ್ಳು ಹೇಳಬಹುದಿತ್ತು. ಮೂಡಲಗಿರಿಯಪ್ಪನ ಬಾಯಿಗೆ ಅದು ಬರಲಿಲ್ಲ. "ಹೋಗಬಹುದಿತ್ತು," ಎಂದ.

ಕೋರ್ಟಿನಲ್ಲಿ ತೀರ್ಪು ಓದಿದಾಗ ಜುಂಜಯ್ಯ ಅತ್ತಿರಲಿಲ್ಲ. ಅಪೀಲು ಬಿತ್ತೆಂದು ತಿಳಿದಾಗಲೂ ಅತ್ತಿರಲಿಲ್ಲವೆಂದು ಜೈಲಿನವರು ಹೇಳಿದ್ದರು. ಈಗ ಅವನು ಕಂಬಿ ಬಿಟ್ಟು ನೆಲಕ್ಕೆ ಕುಸಿದು ಕುಳಿತ. ಅಂದು ಕಣ್ಣು ಮುಚ್ಚಿಕೊಂಡು ಮೊಮ್ಮಗಳನ್ನು ಈ ಲೋಕಕ್ಕೆ ಎತ್ತಿಕೊಂಡ ಆ ಎರಡು ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತ. ಭೇಟಿಯ ಹೊತ್ತು ಮುಗಿಯಿತೆಂದು ವಾರ್ಡರು ಬಂದು ಅವನನ್ನು ಎಬ್ಬಿಸಿಕೊಂಡು ಹೋದ. ಹರಿದ ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡು ಮೂಡಲಗಿರಿಯಪ್ಪ ಅಲ್ಲೇ ನಿಂತಿದ್ದ.